ಮೂರು ಚಮಚ ಬೆಂಕಿ

ಆ ಹುಡುಗಿ ಒಲೆಗೆ ಅಳೆದು ಮೂರು ಚಮಚ ಸ್ಪಿರಿಟ್ ಹಾಕಿದಳು. ಬಾಟಲಿಯಲ್ಲಿ ಇನ್ನೂ ಬೇಕಾದಷ್ಟಿತ್ತು. ಆದರೂ ಮುಚ್ಚಳ ಬಿಗಿಯಾಗಿ ತಿರುಗಿಸಿ, ಎದ್ದು ಹೋಗಿ, ಹತ್ತು ಹೆಜ್ಜೆ ಆಚೆ ಬಂಡೆಯೊಂದರ ಹಿಂದೆ ಬಾಟಲಿ ಇಟ್ಟು ಬಂದಳು. ಆಮೇಲೆ ಕಡ್ಡಿ ಗೀರಿದಳು. ನನಗೆ ಮೊದಲು ಹಿಡಿಸಿದ್ದು ಅವಳ ಒಲೆಯಲ್ಲ, ಆ ಹತ್ತು ಹೆಜ್ಜೆ. ಮೂವತ್ತು ವರ್ಷ ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಿಂತವಳು ನಾನು. ಸ್ಪಿರಿಟ್ ದೀಪ ಹಚ್ಚುವ ಮುಂಚೆ ಬಾಟಲಿ ದೂರ ಇಡಿ ಎಂದು ಎಷ್ಟು ಬ್ಯಾಚಿನ ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಯಾರೂ ಹೇಳದೆ ತಾನಾಗಿ ಹಾಗೆ ಮಾಡುವ ಕೈ ಕಂಡರೆ ಅದರ ಪಕ್ಕದಲ್ಲಿ ಹೋಗಿ ಕೂರಬೇಕೆನಿಸುತ್ತದೆ. ಕೂತೆ.

ಅದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬೆಟ್ಟಸಾಲು. ಜುಲೈ ತಿಂಗಳು. ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಆರು ತಿಂಗಳಿಗೆಂದು ಹೋಗಿದ್ದೆ. ಶನಿವಾರ ಬಂತೆಂದರೆ ಅಳಿಯ ಕಾರು ತೆಗೆಯುತ್ತಿದ್ದ, ಒಂದು ತಾಸಿನೊಳಗೆ ಬೇರ್ ಮೌಂಟನ್ ತಪ್ಪಲು. ಅಲ್ಲಿಂದ ವೆಸ್ಟ್ ಮೌಂಟನ್ ಎಂಬ ಗುಡ್ಡಕ್ಕೆ ಕಾಲುದಾರಿ. ಮೇಲೆ ಕಲ್ಲಿನಲ್ಲಿ ಕಟ್ಟಿದ ಸಣ್ಣ ತಂಗುಮನೆ, ಒಂದು ಬದಿ ಪೂರ್ತಿ ತೆರೆದಿರುತ್ತದೆ. ನಮ್ಮ ಊರ ದಾರಿಬದಿಯ ಹಳೆಯ ಕಟ್ಟೆಮನೆಗಳ ನೆನಪು ತರುವಂಥದ್ದು. ಅದರ ಮುಂದೆ ನಿಂತರೆ ಕೆಳಗೆ ಹಡ್ಸನ್ ನದಿ. ಜಾರ್ಜಿಯಾದ ಸ್ಪ್ರಿಂಗರ್ ಮೌಂಟನ್‌ನಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ 14 ರಾಜ್ಯಗಳನ್ನು ಹಾಯ್ದು ಸುಮಾರು 3,500 ಕಿಲೋಮೀಟರ್ ಸಾಗುವ ಅಪಲೇಚಿಯನ್ ಟ್ರೇಲ್ ಈ ಬೆಟ್ಟಗಳ ಮೇಲೇ ಹಾದುಹೋಗುತ್ತದೆ. ಆ ದಾರಿಯ ಮೊಟ್ಟಮೊದಲ ತುಂಡು 1923ರಲ್ಲಿ ತೆರೆದದ್ದೂ ಇಲ್ಲಿಯೇ. ಹುಡುಗಿ ವಸಂತದಲ್ಲಿ ದಕ್ಷಿಣದ ತುದಿಯಿಂದ ಹೊರಟವಳು, ಅರ್ಧಕ್ಕಿಂತ ಹೆಚ್ಚು ನಡೆದಾಗಿತ್ತು. ಬೆನ್ನಚೀಲದಲ್ಲಿದ್ದ ಪ್ರತಿಯೊಂದು ವಸ್ತುವಿನ ತೂಕವೂ ಅವಳಿಗೆ ಗ್ರಾಮಿನಲ್ಲಿ ಗೊತ್ತಿತ್ತು.

ಒಲೆ ನೋಡಬಹುದೇ ಎಂದು ಕೇಳಿದೆ. ಚಹಾ ಕುಡಿದು, ಒಲೆ ತಣ್ಣಗಾದ ಮೇಲೆ ನನ್ನ ಅಂಗೈಯಲ್ಲಿಟ್ಟಳು. ಒಣಗಿದ ಮಾವಿನೆಲೆ ಇಟ್ಟಂತಾಯಿತು. ಎರಡು ಸೋಡಾ ಕ್ಯಾನುಗಳ ತಳ ಕತ್ತರಿಸಿ, ಒಂದರ ಬಾಯಿಗೆ ಇನ್ನೊಂದನ್ನು ಮೊರದ ಮೇಲೆ ಮೊರ ಕವಿಚಿದಂತೆ ಒತ್ತಿ ಕೂಡಿಸಿದ ಗಡಿಗೆ. ಎತ್ತರ ಎರಡು ಬೆರಳು. ಅಂಚಿನ ಸುತ್ತ ಗುಂಡುಪಿನ್ನಿನಲ್ಲಿ ಚುಚ್ಚಿದ ಹದಿನಾರು ತೂತು, ನಡುವೆ ಸ್ಪಿರಿಟ್ ಇಳಿಯಲು ನಾಲ್ಕೈದು ತೂತು, ಅವುಗಳ ಮೇಲೆ ಒಂದು ಪೆನ್ನಿ ನಾಣ್ಯ. ಸ್ಪಿರಿಟ್ ಒಳಗಿಳಿದ ಮೇಲೆ ಬೆಂಕಿ ಸೋಕಿಸಿದರೆ ಮೊದಲು ನಾಣ್ಯದ ಸುತ್ತ ಮಂದವಾಗಿ ಉರಿಯುತ್ತದೆ. ಒಂದು ನಿಮಿಷದಲ್ಲಿ ತಗಡು ಕಾಯುತ್ತದೆ, ಒಳಗಿನ ಸ್ಪಿರಿಟ್ ಕುದಿಯುತ್ತದೆ. ಎಥೈಲ್ ಆಲ್ಕೊಹಾಲ್ ಕುದಿಯುವುದಕ್ಕೆ 78 ಡಿಗ್ರಿ ಸಾಕು. ಹೊರಬರಲು ದಾರಿ ಹುಡುಕುವ ಆ ಆವಿ ಹದಿನಾರು ತೂತಿನಲ್ಲೂ ನುಗ್ಗಿ ಹದಿನಾರು ನೀಲಿ ಕುಡಿಯಾಗಿ ಏಳುತ್ತದೆ. ಪಂಪಿಲ್ಲ, ಬತ್ತಿಯಿಲ್ಲ, ಕೀಲಿಲ್ಲ. ಸದ್ದೂ ಇಲ್ಲ. ಸ್ವೀಡನ್ನಿನ ಟ್ರಾಂಜಿಯಾ ಕಂಪನಿ ದಶಕಗಳಿಂದ ಹಿತ್ತಾಳೆಯಲ್ಲಿ ಮಾಡಿ ಮಾರುವ ಸ್ಪಿರಿಟ್ ಒಲೆಯ ತತ್ವವೂ ಇದೇ. ಅದನ್ನು ಕಸದ ಬುಟ್ಟಿಗೆ ಹೋಗುವ ತಗಡಿನಲ್ಲಿ ಮಾಡಿಕೊಂಡವರು ಈ ಕಾಲುದಾರಿಯ ಜನ.

ಮನೆಗೆ ಬಂದವಳೇ ಮೊಮ್ಮಗನನ್ನು ಕೂರಿಸಿಕೊಂಡು ಮಾಡಲು ಹೊರಟೆ. ಅವನಿಗೆ ಹನ್ನೊಂದು ವರ್ಷ. ಎರಡು ಕ್ಯಾನು ಅವನೇ ಕುಡಿದು ಖಾಲಿ ಮಾಡಿಕೊಟ್ಟ. ಕತ್ತರಿಯಲ್ಲಿ ಕತ್ತರಿಸುವಾಗ ನನಗೆ ಮೊದಲ ಸಲ ಆ ತಗಡಿನ ಪರಿಚಯವಾಯಿತು. ಗೋಡೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಹೆಚ್ಚುಕಡಿಮೆ ಕಾಗದ. ಒಳಗೆ ಗ್ಯಾಸು ತುಂಬಿ ಬಿಗಿಯಾಗಿದ್ದಾಗ ಅದರ ಮೇಲೆ ಮನುಷ್ಯ ನಿಲ್ಲಬಹುದು, ಖಾಲಿಯಾದರೆ ಮಗುವೂ ಮುದುರಬಹುದು. ತಳ ಮಾತ್ರ ಗಟ್ಟಿ. ಆ ಒತ್ತಡವನ್ನು ತಡೆಯಲೆಂದೇ ಅದನ್ನು ಅಣೆಕಟ್ಟಿನ ಕಮಾನಿನಂತೆ ಒಳಕ್ಕೆ ಬಾಗಿಸಿರುತ್ತಾರೆ. ಒಲೆಗೆ ತಳವನ್ನೇ ಆರಿಸಿಕೊಂಡವರು ಯಾರೋ, ಲೋಹವನ್ನು ಮುಟ್ಟಿ ನೋಡಿ ಬಲ್ಲವರು.

ಕಷ್ಟ ಎದುರಾದದ್ದು ಎರಡು ತಳ ಕೂಡಿಸುವಾಗ. ಎರಡೂ ಒಂದೇ ಅಳತೆ, ಒಂದರೊಳಗೆ ಒಂದು ಹೋಗುವುದು ಹೇಗೆ? ಒತ್ತಿದರೆ ಅಂಚು ಸೀಳುತ್ತದೆ. ಮೂರು ಜೊತೆ ಸೀಳಿದವು. ಆಗ ಮೊಮ್ಮಗ ಫ್ರಿಜ್‌ನಿಂದ ತೆರೆಯದ ತುಂಬಿದ ಕ್ಯಾನು ತಂದು, ಅದರ ಬುಡವನ್ನು ಕತ್ತರಿಸಿದ ತುಂಡಿನ ಬಾಯೊಳಗೆ ಇಟ್ಟು ಮೆಲ್ಲಗೆ ಒತ್ತುತ್ತಾ ತಿರುಗಿಸಿದ. ಬಾಯಿ ಕೂದಲೆಳೆಯಷ್ಟು ಅಗಲವಾಯಿತು. ಅಷ್ಟೇ ಬೇಕಾಗಿದ್ದದ್ದು, ಇನ್ನೊಂದು ತುಂಡು ಸುಮ್ಮನೆ ಒಳಗೆ ಕೂತಿತು. “ಅಜ್ಜಿ, ಹೋಯ್ತು ನೋಡು!” ಎಂದು ಕೂಗಿದ. ಅದೇ ಉಪಾಯವನ್ನು ಅಲ್ಲಿನ ಚಾರಣಿಗರೆಲ್ಲ ಬಳಸುತ್ತಾರೆಂದು ಆಮೇಲೆ ತಿಳಿಯಿತು. ಅವನು ಯಾರಿಂದಲೂ ಕೇಳದೆ ಕಂಡುಕೊಂಡಿದ್ದ. ಅಂಚಿಗೆ ಸ್ಯಾಂಡ್‌ಪೇಪರ್ ಉಜ್ಜುವ ಕೆಲಸ ನಾನೇ ಮಾಡಿದೆ, ಆ ತೆಳು ತಗಡು ಬ್ಲೇಡಿಗೆ ಸಮ.

ಇನ್ನು ಆದ ತಪ್ಪನ್ನು ಹೇಳಬೇಕು. ತಡೆಯಲಾರದ ಆತುರಕ್ಕೆ ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಹಿತ್ತಲ ಕಲ್ಲುಹಾಸಿನ ಮೇಲೆ ಹಚ್ಚಿದೆವು. ಅಲ್ಲಿ ಸುಲಭವಾಗಿ ಸಿಗುವುದು ಹಳದಿ ಬಾಟಲಿಯ ಹೀಟ್. ಚಳಿಗಾಲದಲ್ಲಿ ಕಾರಿನ ಪೆಟ್ರೋಲಿನಲ್ಲಿ ಬೆರೆತ ನೀರು ಹೆಪ್ಪುಗಟ್ಟದಿರಲೆಂದು ಹಾಕುವ ಮಿಥೈಲ್ ಆಲ್ಕೊಹಾಲ್ ಅದು, ಚಾರಣಿಗರೂ ಅದನ್ನೇ ಉರಿಸುತ್ತಾರೆ. ಮಿಥೈಲ್ ಆಲ್ಕೊಹಾಲಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ನನಗಿದು ಗೊತ್ತಿತ್ತು, ಪಾಠ ಮಾಡಿದ್ದೇನೆ. ಎರಡು ನಿಮಿಷ ಕಳೆಯಿತು. ಪಾತ್ರೆ ಇಟ್ಟಿರಲಿಲ್ಲ. ಒಲೆಯ ಮೇಲೆ ಏನೂ ಇಲ್ಲ, ಹೊಗೆಯಿಲ್ಲ, ಬಣ್ಣವಿಲ್ಲ. “ಆರಿಹೋಯ್ತು ಅಜ್ಜಿ, ಇನ್ನೊಂಚೂರು ಹಾಕ್ಲಾ?” ಎಂದವನ ಕೈಯಲ್ಲಿ ಮುಚ್ಚಳ ತೆಗೆದ ಬಾಟಲಿ. ನಾನು ಅವನ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದೆ. ಬಾಟಲಿ ಮುಚ್ಚಿ ದೂರ ಇಡಿಸಿ, ಹುಲ್ಲಿನದೊಂದು ಒಣ ಎಸಳು ಕಿತ್ತು ತೋಳುದ್ದ ಚಾಚಿ ಒಲೆಯ ಮೇಲೆ ಹಿಡಿದೆ. ಏನೂ ಇಲ್ಲದ ಗಾಳಿಯಲ್ಲಿ ಎಸಳಿನ ತುದಿ ಭಗ್ಗೆಂದು ಹತ್ತಿಕೊಂಡಿತು. ಹುಡುಗ ಬಿಳಿಚಿಕೊಂಡ. ನನ್ನ ಕೈಯೂ ಆ ಹೊತ್ತು ಬಿಡದೆ ನಡುಗಿತು. ಉರಿಯುವ ಒಲೆಗೆ ಬಾಟಲಿಯಿಂದ ಸುರಿದಿದ್ದರೆ ಬೆಂಕಿ ಧಾರೆಯನ್ನೇ ಹಿಡಿದು ಬಾಟಲಿಯೊಳಗೆ ಏರುತ್ತಿತ್ತು. ಬೆಟ್ಟದ ಮೇಲೆ ಆ ಹುಡುಗಿ ಹತ್ತು ಹೆಜ್ಜೆ ನಡೆದದ್ದು ಇದಕ್ಕೇ.

ಅಂದಿನಿಂದ ಮಿಥೈಲ್ ಆಲ್ಕೊಹಾಲ್ ಕೈಬಿಟ್ಟೆ. ಕಾಣದ ಜ್ವಾಲೆಯೊಂದೇ ಕಾರಣವಲ್ಲ, ಅದು ವಿಷ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಅದು ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. ಆ ವಾರದ ಪತ್ರಿಕೆಗಳನ್ನು ಓದಿದ ಯಾರೂ ಆ ಹೆಸರನ್ನು ಹಗುರವಾಗಿ ಆಡುವುದಿಲ್ಲ. ಮಕ್ಕಳಿರುವ ಮನೆಯಲ್ಲಿ, ಅನ್ನ ಬೇಯಿಸುವ ಕೈಗೆ ಸೋಕುವಲ್ಲಿ ಅದಕ್ಕೆ ಜಾಗವಿಲ್ಲ. ಮೈಸೂರಿಗೆ ಬಂದ ಮೇಲೆ ಬಡಗಿಗಳು ಅರಗು ಕರಗಿಸಿ ಪಾಲಿಶ್ ಹಾಕಲು ಕೊಳ್ಳುವ ಸ್ಪಿರಿಟ್ ತರಿಸಿದೆ. ಅದರಲ್ಲಿ ಬಹುಪಾಲು ಎಥೈಲ್ ಆಲ್ಕೊಹಾಲೇ ಆದರೂ ಕುಡಿಯದಿರಲೆಂದು ವಿಷ ಬೆರೆಸಿರುತ್ತಾರೆ. ಹಾಗಾಗಿ ಬೀಗ ಹಾಕಿದ ಕಪಾಟಿನಲ್ಲೇ ಇಡುತ್ತೇನೆ. ಹಚ್ಚುವುದು ಸಂಜೆ, ಬೆಳಕು ಇಳಿದ ಮೇಲೆ. ಆಗ ನೀಲಿ ಕುಡಿಗಳು ಒಂದೊಂದೂ ಎಣಿಕೆಗೆ ಸಿಗುತ್ತವೆ.

ಮೂರು ಚಮಚ ಎಂದೆನಲ್ಲ, ಅದರ ಲೆಕ್ಕ ಮಾಡಿ ನೋಡಿದಾಗಲೇ ಈ ಒಲೆಯ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿದ್ದು. ಅರ್ಧ ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ 100 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 157 ಕಿಲೋಜೂಲ್. ಒಂದು ಮಿಲಿಲೀಟರ್ ಸ್ಪಿರಿಟ್ ಉರಿದರೆ ಕೊಡುವುದು ಹೆಚ್ಚುಕಡಿಮೆ 20. ಅಂದರೆ ಒಂದು ಹನಿಯ ಶಾಖವೂ ಪೋಲಾಗದಿದ್ದರೆ 8 ಮಿಲಿಲೀಟರ್ ಸಾಕು, ಎರಡು ಚಮಚವೂ ಬೇಡ. ಚಮಚಕ್ಕೆ 5 ಮಿಲಿಲೀಟರಿನಂತೆ ಮೂರು ಚಮಚದಲ್ಲಿ ಆ ಹುಡುಗಿ ಅಷ್ಟು ನೀರು ಕುದಿಸಿದ್ದಳು. ಅರ್ಧಕ್ಕಿಂತ ಹೆಚ್ಚು ಶಾಖವನ್ನು ನೀರಿಗೇ ಮುಟ್ಟಿಸಿದ್ದಳು ಎಂದಾಯಿತು. ಮೈಸೂರಿನ ತಾರಸಿಯಲ್ಲಿ ನನಗೆ ಮೊದಲ ಸಲ ಎಂಟು ಚಮಚ ಹಿಡಿಯಿತು. ಗಾಳಿಗೆ ಮರೆಯಿರಲಿಲ್ಲ. ಎಣ್ಣೆ ಡಬ್ಬದ ತಗಡು ಬಗ್ಗಿಸಿ ಪಾತ್ರೆಯ ಸುತ್ತ ಒಂದು ಬೆರಳು ಬಿಟ್ಟು ನಿಲ್ಲಿಸಿದೆ, ಐದಕ್ಕೆ ಇಳಿಯಿತು. ಪಾತ್ರೆಗೆ ಮುಚ್ಚಳ ಹಾಕಿದೆ, ನಾಲ್ಕು. ಪಾತ್ರೆಗೂ ಉರಿಗೂ ನಡುವಿನ ಅಂತರ ಸರಿಪಡಿಸಲು ಒಂದು ವಾರ ಹಿಡಿಯಿತು. ತೀರಾ ಹತ್ತಿರವಾದರೆ ಉರಿಗೆ ಉಸಿರು ಸಾಲದು, ಪಾತ್ರೆಗೆ ಮಸಿ ಹತ್ತುತ್ತದೆ. ದೂರವಾದರೆ ಗಾಳಿ ಕದಿಯುತ್ತದೆ. ಎರಡು ಬೆರಳಿನಷ್ಟು ಅಂತರದಲ್ಲಿ ಮೂರು ಕಲ್ಲಿಟ್ಟೆ, ಒಲೆಗುಂಡಿನಂತೆ. ಮೂರು ಚಮಚ!

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿ ಬಚ್ಚಲೊಲೆಗೆ ಸೌದೆ ಒಟ್ಟುವಾಗ ಹಂಡೆಯ ನೀರನ್ನು ಮೊದಲು ಬಗ್ಗಿ ನೋಡುತ್ತಿದ್ದರು. ಅರ್ಧ ಹಂಡೆಗೆ ಎರಡು ಸೌದೆ, ತುಂಬಿದ್ದರೆ ಮೂರು, ಮಳೆಗಾಲದ ಹಸಿ ಸೌದೆಯಾದರೆ ಒಂದು ಹಿಡಿ ಅಡಿಕೆ ಸಿಪ್ಪೆ ಹೆಚ್ಚಿಗೆ. ನಾವು ಮಕ್ಕಳು ಉರಿ ನೋಡುವ ಖುಷಿಗೆ ಸೋಗೆ ತುರುಕಿದರೆ, “ನೀರಿಗೆ ಬೇಕಾದಷ್ಟು ಕೊಡ್ರೇ, ಗೋಡೆಗಲ್ಲ” ಎನ್ನುತ್ತಿದ್ದರು. ಗ್ಯಾಸಿನ ಕಿವಿ ತಿರುಗಿಸಿ ಉರಿ ಹಚ್ಚಲು ಕಲಿತ ಮೇಲೆ ನಾನು ಆ ಅಳತೆಯನ್ನು ಪೂರ್ತಿ ಮರೆತಿದ್ದೆ. 14.2 ಕೆಜಿಯ ಸಿಲಿಂಡರ್ ಮುಗಿದಾಗಲೇ ಬೆಂಕಿಯ ಲೆಕ್ಕ, ಅದೂ ತಿಂಗಳಿನ ಲೆಕ್ಕ. ಒಂದು ಲೋಟ ಕಾಫಿಗೆ ಎಷ್ಟು ಉರಿ ಬೇಕು ಎಂಬುದನ್ನು ನನಗೆ ಮತ್ತೆ ಹೇಳಿಕೊಟ್ಟದ್ದು ಬೇರೆ ದೇಶದ ಬೆಟ್ಟದ ಮೇಲೆ ಕಂಡ ಸೋಡಾ ಕ್ಯಾನು.

ಖಾಲಿ ಡಬ್ಬದಲ್ಲಿ ಒಲೆ ಮಾಡುವುದು ಚಾರಣಿಗರಿಗಿಂತ ಹಳೆಯದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹುಡುಕುತ್ತಾ ಗೂಡ್ಸ್ ರೈಲು ಹತ್ತಿ ಊರೂರು ಅಲೆದ ಅಮೆರಿಕದ ಕೂಲಿಗಳು ಹಳಿಯ ಪಕ್ಕದಲ್ಲಿ ಡಬ್ಬಕ್ಕೆ ತೂತು ಕೊರೆದು ಕಡ್ಡಿಪುಳ್ಳೆ ಉರಿಸಿ ಬೇಯಿಸಿಕೊಳ್ಳುತ್ತಿದ್ದರು. ನನ್ನ ಮನಸ್ಸಿಗೆ ಹೆಚ್ಚು ತಟ್ಟುವುದು ಎರಡನೆಯ ಮಹಾಯುದ್ಧದ ಉತ್ತರ ಆಫ್ರಿಕಾ. ಬ್ರಿಟಿಷ್ ಸೇನೆ ಪೆಟ್ರೋಲನ್ನು ನಾಲ್ಕು ಗ್ಯಾಲನ್ನಿನ ತೆಳು ತಗಡಿನ ಡಬ್ಬಗಳಲ್ಲಿ ಸಾಗಿಸುತ್ತಿತ್ತು. ಡಬ್ಬಗಳು ದಾರಿಯಲ್ಲೇ ಸೋರುತ್ತಿದ್ದವು, ಪೆಟ್ರೋಲ್ ಸಾಗಿಸಲು ಅವು ಕೆಟ್ಟ ಡಬ್ಬಗಳೇ. ಸೈನಿಕರು ಖಾಲಿ ಡಬ್ಬವನ್ನು ನಡುವೆ ಕತ್ತರಿಸಿ ಒಂದು ಅರ್ಧಕ್ಕೆ ಮರಳು ತುಂಬಿ, ಅದಕ್ಕೆ ಪೆಟ್ರೋಲ್ ಸುರಿದು ಹಚ್ಚಿ, ಇನ್ನೊಂದು ಅರ್ಧದಲ್ಲಿ ಚಹಾ ಕುದಿಸುತ್ತಿದ್ದರು. ಬೆಂಗಾಜಿ ಬರ್ನರ್ ಎಂದು ಅದಕ್ಕೆ ಹೆಸರಾಯಿತು. ಆ ಮರುಭೂಮಿಯಲ್ಲಿ ಭಾರತದ ನಾಲ್ಕನೆಯ ಡಿವಿಷನ್ನಿನ ಸಿಪಾಯಿಗಳೂ ಇದ್ದರು.

ನಾಲ್ಕು ಗ್ಯಾಲನ್, ಅಂದರೆ 18 ಲೀಟರ್. ನಮ್ಮ ಮನೆಗಳ ಸೀಮೆಎಣ್ಣೆ ಡಬ್ಬದ ಅಳತೆಯೂ ಅದೇ. ಬಾಯಿ ಕತ್ತರಿಸಿ ಅಡ್ಡಕ್ಕೊಂದು ಮರದ ಹಿಡಿ ಬಡಿದರೆ ನೀರು ಹೊರುವ ಡಬ್ಬ. ಮುಚ್ಚಳಕ್ಕೆ ಹಿಂಜು ಹಾಕಿದರೆ ಅಕ್ಕಿ ಡಬ್ಬ. ಬಿಚ್ಚಿ ತಟ್ಟಿದರೆ ಕೊಟ್ಟಿಗೆಯ ಮಾಡಿನ ತೂತಿಗೆ ತಗಡು. ನಮ್ಮ ತಂದೆ ಔಷಧಿಯ ಚಿಕ್ಕ ಡಬ್ಬದ ಮುಚ್ಚಳಕ್ಕೆ ಮೊಳೆ ಹೊಡೆದು, ಹಳೆ ಪಂಚೆಯ ಅಂಚಿನಿಂದ ಬತ್ತಿ ಹೊಸೆದು ಬುಡ್ಡಿದೀಪ ಮಾಡಿಕೊಡುತ್ತಿದ್ದರು. ನಾನು ಹತ್ತನೆಯ ಕ್ಲಾಸಿನವರೆಗೆ ಓದಿದ್ದು ಆ ಬೆಳಕಿನಲ್ಲಿ. ತಗಡು ಮನೆಗೆ ಬರುವ ಮೊದಲೇ ಚರಟ ಸೌಟಾಗಿತ್ತು, ಅಡಿಕೆ ಹಾಳೆ ಊಟದ ತಟ್ಟೆಯಾಗಿತ್ತು, ಗದ್ದೆಗೆ ಹೋಗುವವರ ತಲೆಗೆ ಟೊಪ್ಪಿಯಾಗಿತ್ತು. ಆ ಕೈಗಳಿಗೆ ಈ ಸೋಡಾ ಕ್ಯಾನು ಸಿಕ್ಕಿದ್ದರೆ ಏನೇನು ಮಾಡುತ್ತಿದ್ದವೋ ಎಂದು ಹಲವು ಸಲ ಅಂದುಕೊಂಡಿದ್ದೇನೆ.

ಏಕೆಂದರೆ ಇದು ಸಾಮಾನ್ಯ ಲೋಹವಲ್ಲ. ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ 1884ರಲ್ಲಿ ಕಳಶದಂತೆ ಕೂರಿಸಿದ್ದು ಅಲ್ಯೂಮಿನಿಯಂ. ಆಗ ಅದು ಅಷ್ಟು ದುರ್ಲಭ. ಎರಡೇ ವರ್ಷದಲ್ಲಿ, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಬೇರೆಬೇರೆಯಾಗಿ ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ದಾರಿ ಕಂಡುಹಿಡಿದರು, ಬೆಲೆ ಕುಸಿಯಿತು. ಬೆಲೆ ಕುಸಿದರೂ ವಿದ್ಯುತ್ತಿನ ಹಸಿವು ತೀರಲಿಲ್ಲ. ಇಂದಿಗೂ ಒಂದು ಕೆಜಿ ಹೊಸ ಅಲ್ಯೂಮಿನಿಯಂಗೆ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಕ್ಯಾನಿನ ತೂಕ 13 ಗ್ರಾಮ್ ಎಂದಿಟ್ಟುಕೊಂಡರೆ, ಅದರಲ್ಲಿ ಅಡಗಿರುವ ವಿದ್ಯುತ್ತಿನಲ್ಲಿ 9 ವ್ಯಾಟಿನ ಬಲ್ಬು ಇಪ್ಪತ್ತು ತಾಸು ಉರಿಯುತ್ತದೆ. ಐದು ನಿಮಿಷದಲ್ಲಿ ಕುಡಿದು ಎಸೆಯುವ ವಸ್ತುವಿಗೆ ಒಂದು ಮಗು ನಾಲ್ಕು ರಾತ್ರಿ ಓದುವಷ್ಟು ಬೆಳಕು! ಕರಗಿಸಿ ಮತ್ತೆ ಬಳಸಿದರೆ ಹೊಸದಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಐದು ಪಾಲು ಸಾಕು. ನ್ಯೂಯಾರ್ಕ್ ರಾಜ್ಯದಲ್ಲಿ ಖಾಲಿ ಕ್ಯಾನು ಹಿಂದಿರುಗಿಸಿದರೆ 5 ಸೆಂಟ್ ಕೊಡುತ್ತಾರೆ. ನಮ್ಮಲ್ಲಿ ಗುಜರಿಯವರು ತೂಕದ ಮೇಲೆ ಕೊಳ್ಳುತ್ತಾರೆ. ಒಲೆ ಮಾಡಿ ಉಳಿದ ಚೂರನ್ನೂ ನಾನು ಅವರಿಗೇ ಹಾಕುತ್ತೇನೆ.

ಇನ್ನು ಪಾತ್ರೆಯ ಮಾತು. ಹುಡುಗಿ ನೀರು ಕುದಿಸಿದ್ದೂ ಕ್ಯಾನಿನಲ್ಲೇ. 24 ಔನ್ಸಿನ ದೊಡ್ಡ ಹೈನೆಕೆನ್ ಬಿಯರ್ ಕ್ಯಾನು, ಮೈಸುತ್ತ ಉಬ್ಬಿದ ಬಳೆಗಳಿರುವುದು. ಮೇಲಿನ ಮುಚ್ಚಳ ತೆಗೆದರೆ ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ ಹಿಡಿಯುವ ಕುಡಿಕೆ. ಬಳೆಗಳಿರುವುದರಿಂದ ಮುದುರುವುದಿಲ್ಲ, ತೂಕ ಮೂವತ್ತು ಗ್ರಾಮಿನ ಆಸುಪಾಸು. ಅಲ್ಲಿನ ದೂರದಾರಿಯ ಚಾರಣಿಗರಿಗೆ ಅದು ಅಚ್ಚುಮೆಚ್ಚಾಗಿತ್ತು. ನಾನು ಮಾತ್ರ ಇದನ್ನು ಒಪ್ಪಲಾರೆ. ಪಾನೀಯದ ಹುಳಿ ಲೋಹವನ್ನು ತಿನ್ನದಿರಲೆಂದು ಕ್ಯಾನಿನ ಒಳಮೈಗೆ ಪ್ಲಾಸ್ಟಿಕ್ಕಿನ ತೆಳುವಾದ ಲೇಪ ಇರುತ್ತದೆ, ಹಲವು ಸಲ ಎಪಾಕ್ಸಿಯದು. ನೀರು ಇರುವವರೆಗೆ ಒಳಗಿನ ಉಷ್ಣಾಂಶ 100 ಡಿಗ್ರಿ ದಾಟುವುದಿಲ್ಲ. ನೀರು ಬತ್ತಿತೋ, ಲೇಪ ಸುಡುತ್ತದೆ. ಅನ್ನ ತಳ ಹಿಡಿದರೂ ಅಷ್ಟೇ. ಹೊರಮೈಯ ಬಣ್ಣ ಮೊದಲ ಉರಿಗೇ ನಾರುತ್ತದೆ. ಸಾರಿನ ಹುಣಸೆಹುಳಿ, ಟೊಮೆಟೊ ಇವಕ್ಕಂತೂ ಅಲ್ಯೂಮಿನಿಯಂ ಜೊತೆ ಸ್ನೇಹವೇ ಇಲ್ಲ. ಹುಡುಗಿಯೂ ಅದರಲ್ಲಿ ಬರೀ ನೀರು ಕುದಿಸಿ ಬೇರೆ ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದಳು. ದಿನಕ್ಕೆ ಮೂವತ್ತು ಕಿಲೋಮೀಟರ್ ಹೊತ್ತು ನಡೆಯುವವರಿಗೆ ನೂರು ಗ್ರಾಮ್ ದೊಡ್ಡದೇ ಇರಬಹುದು. ಉಳಿದವರಿಗೆ ಟಿಫನ್ ಕ್ಯಾರಿಯರಿನ ಸ್ಟೀಲ್ ಬಟ್ಟಲಿಗಿಂತ ಒಳ್ಳೆಯ ಪಾತ್ರೆ ಇಲ್ಲ. ಮೇಲಿನದು ಕೆಳಗಿನದಕ್ಕೆ ಮುಚ್ಚಳವಾಗುತ್ತದೆ, ಒಲೆ ಅದರೊಳಗೇ ಕೂರುತ್ತದೆ. ನನ್ನ ಒಲೆಯ ಮೇಲೆ ಅದರಲ್ಲಿ ಕಾಫಿಗೆ ನೀರು ಕಾದಿದೆ, ಅವಲಕ್ಕಿಗೆ ಹಾಲು ಕಾದಿದೆ, ಸೇವಿಗೆ ಉಪ್ಪಿಟ್ಟು ಆಗಿದೆ. ಅನ್ನ ಮಾಡಲು ಹೋಗಬೇಡಿ. ಉರಿ ಸಣ್ಣ ಮಾಡುವ ದಾರಿಯಿಲ್ಲ, ಅಕ್ಕಿ ಅರೆಬೆಂದು ತಳ ಹಿಡಿಯುತ್ತದೆ.

ಹುಡುಗಿ ನಡೆಯುತ್ತಿದ್ದ ಆ ಅಪಲೇಚಿಯನ್ ಕಾಲುದಾರಿಯನ್ನು 1955ರಲ್ಲಿ ಒಬ್ಬಳೇ ನಡೆದು ಮುಗಿಸಿದ ಒಹಾಯೊದ ಎಮಾ ಗೇಟ್‌ವುಡ್ ಎಂಬ ಅಜ್ಜಿಗೆ ಆಗ 67 ವರ್ಷ, ಹನ್ನೊಂದು ಮಕ್ಕಳ ತಾಯಿ. ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ತಾನೇ ಹೊಲಿದುಕೊಂಡ ಚೀಲ. ಅವರ ಕಥೆ ಮಗಳು ಓದಿ ಹೇಳಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಬೇಕಾದದ್ದನ್ನು ಇರುವುದರಲ್ಲೇ ಹೊಲಿದುಕೊಳ್ಳುವ ಹೆಂಗಸರನ್ನು ನಾನು ನಮ್ಮ ಮನೆಯಲ್ಲೇ ಕಂಡು ಬೆಳೆದವಳು.

ಮೊಮ್ಮಗ ಈಚೆಗೆ ಫೋನಿನಲ್ಲಿ ಕೇಳಿದ, “ರಜಕ್ಕೆ ಬಂದಾಗ ಕುಮಾರಪರ್ವತಕ್ಕೆ ನಮ್ಮ ಒಲೆ ತಗೊಂಡು ಹೋಗೋಣವಾ ಅಜ್ಜಿ?” ಇಲ್ಲ ಎಂದೆ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇರಲಿ, 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದನ್ನು ನಾವು ಕಂಡಿದ್ದೇವೆ. ಈ ಒಲೆಗೆ ಆರಿಸುವ ಕಿವಿಯಿಲ್ಲ, ಮಗುಚಿದರೆ ಸ್ಪಿರಿಟ್ ಉರಿಯುತ್ತಲೇ ಹುಲ್ಲಿಗೆ ಹರಿಯುತ್ತದೆ. ಅಮೆರಿಕದ ಪಶ್ಚಿಮದ ಒಣ ರಾಜ್ಯಗಳಲ್ಲೂ ಬೇಸಗೆಯ ನಿರ್ಬಂಧ ಬಂದರೆ ಆರಿಸುವ ಕೀಲಿಲ್ಲದ ಒಲೆಗಳಿಗೆ ಕಾಡಿನಲ್ಲಿ ಅವಕಾಶವಿಲ್ಲ. ಅಡಿಕೆ ತೋಟದ ಕಣದಲ್ಲಿ, ಸಗಣಿ ಸಾರಿಸಿದ ಬಯಲಿನಲ್ಲಿ ಹಚ್ಚೋಣ ಎಂದೆ. ಅವನು ಒಪ್ಪಿದ.

ನೀವೂ ಮಾಡಿ ನೋಡಿ. ಎರಡು ಖಾಲಿ ಕ್ಯಾನು, ಕತ್ತರಿ, ಗುಂಡುಪಿನ್ನು, ಒಂದು ರೂಪಾಯಿಯ ನಾಣ್ಯ ಸಾಕು. ಅಂಚನ್ನು ಉಜ್ಜದೆ ಬೆರಳು ಹಾಕಬೇಡಿ. ಹಚ್ಚುವುದು ಮನೆಯ ಹೊರಗೆ, ಸಂಜೆ ಹೊತ್ತಿನಲ್ಲಿ, ಕಲ್ಲಿನ ಮೇಲೆ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು. ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಒಲೆ ಆರಿತೆಂದು ಕಂಡರೂ ಅದು ಪೂರ್ತಿ ತಣ್ಣಗಾಗುವವರೆಗೆ ಎರಡನೆಯ ಸಲ ಸ್ಪಿರಿಟ್ ಹಾಕಬೇಡಿ. ಮತ್ತು ಕಡ್ಡಿ ಗೀರುವ ಮೊದಲು, ದಯವಿಟ್ಟು, ಬಾಟಲಿಯನ್ನು ಹತ್ತು ಹೆಜ್ಜೆ ದೂರ ಇಟ್ಟು ಬನ್ನಿ.